ಮೂರು ಮಳೆಗಾಲ ಕಂಡ ಅಕ್ಷರದ ಪೆಟ್ಟಿಗೆ

ಮಗಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ ಶಿವಮೊಗ್ಗದ ಪುಸ್ತಕದಂಗಡಿಯೊಂದರಲ್ಲಿ 640 ರೂಪಾಯಿ ಕೊಟ್ಟು ಕನ್ನಡ ಅಕ್ಷರ ಕಾರ್ಡುಗಳ ಪೆಟ್ಟಿಗೆಯೊಂದನ್ನು ಕೊಂಡು ತಂದೆವು. ಅವಳೀಗ ಎರಡನೆಯ ತರಗತಿಯಲ್ಲಿದ್ದಾಳೆ, ಪೆಟ್ಟಿಗೆ ಅವಳ ತಮ್ಮನ ಕೈಗೆ ಬಂದಿದೆ. ತಂದ ವಾರದಲ್ಲೇ ಬರೆದಿದ್ದರೆ ನಾನು ಇದನ್ನು ಬರೀ ಹೊಗಳುತ್ತಿದ್ದೆ. ಆರು ತಿಂಗಳಿಗೆ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎನ್ನುತ್ತಿದ್ದೆನೇನೋ. ಮೂರು ವರ್ಷ ಬಳಸಿದ ಮೇಲೆ ಇದರ ಗುಣವೂ ದೋಷವೂ ಸ್ಪಷ್ಟವಾಗಿ ಕಾಣುತ್ತಿರುವುದರಿಂದ ಈಗ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ವರ್ಣಮಾಲೆಯ 49 ಅಕ್ಷರಗಳಿಗೆ ಅಂಗೈಯಗಲದ 49 ರಟ್ಟಿನ ಕಾರ್ಡುಗಳು, ಒಂದು ಮಗ್ಗುಲಿಗೆ ಅಕ್ಷರ, ಇನ್ನೊಂದು ಮಗ್ಗುಲಿಗೆ ಚಿತ್ರ, ಕಾಗುಣಿತ ಕಲಿಸಲು ಅಕ್ಷರದ ಮೇಲಿಟ್ಟು ನೋಡುವ ಪಾರದರ್ಶಕ ಪ್ಲಾಸ್ಟಿಕ್ ಚಿಹ್ನೆಗಳು, ಒತ್ತಕ್ಷರದ ಕೆಲವು ಕಾರ್ಡುಗಳು, ಒಂದು ತೆಳ್ಳನೆಯ ಓದಿನ ಪುಸ್ತಕ. ಅಕ್ಷರಗಳು ದಪ್ಪವಾಗಿ, ದುಂಡಗೆ, ಯಾವ ಅಲಂಕಾರವೂ ಇಲ್ಲದೆ ಅಚ್ಚಾಗಿವೆ. ಮಕ್ಕಳ ಸಾಮಾನು ಎಂದರೆ ಅಕ್ಷರಕ್ಕೂ ಕಣ್ಣುಮೂಗು ಬಿಡಿಸುವವರೇ ಹೆಚ್ಚಾಗಿರುವಾಗ ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ.

ಜೊತೆಗಿದ್ದ ಸೂಚನೆಯ ಹಾಳೆ ಅಕಾರದಿಂದ ಳಕಾರದವರೆಗೆ ಸಾಲಾಗಿ ಕಲಿಸಿ ಎನ್ನುತ್ತದೆ. ಎರಡು ತಿಂಗಳು ಹಾಗೆಯೇ ಮಾಡಿದೆವು. ‘ಅ ಅರಸ, ಆ ಆನೆ’ ಎಂದು ಶುರುವಾಗಿ ‘ಋ ಋಷಿ’, ‘ಔ ಔಷಧ’ ದಾಟಿ, ಮಗಳು ಹಾಡಿನಂತೆ ಒಂದೇ ಉಸಿರಿಗೆ ಒಪ್ಪಿಸತೊಡಗಿದಳು. ಮನೆಗೆ ಬಂದವರೆಲ್ಲ ಮೆಚ್ಚಿದರು. ಒಂದು ದಿನ ಚಿತ್ರ ಕಾಣದಂತೆ ಐದು ಕಾರ್ಡುಗಳನ್ನು ಹಿಂದುಮುಂದಾಗಿ ಜೋಡಿಸಿ ಕೇಳಿದಾಗ ಅವಳಿಗೆ ಒಂದೂ ಗೊತ್ತಾಗಲಿಲ್ಲ. ಪ್ರತಿ ಕಾರ್ಡಿಗೂ ಮನಸ್ಸಿನಲ್ಲೇ ‘ಅ’ದಿಂದ ಎಣಿಸಿಕೊಂಡು ಬಂದು ಊಹಿಸುತ್ತಿದ್ದಳು. ಅವಳು ಕಲಿತದ್ದು ಸಾಲನ್ನೇ ಹೊರತು ಅಕ್ಷರವನ್ನಲ್ಲ ಎಂಬುದು ಅಂದು ನನಗೆ ಅರ್ಥವಾಯಿತು.

ದಾರಿ ತೋರಿಸಿದವರು ನೆರೆಮನೆಯ ಅಕ್ಕ. ಅವರು ಸರ್ಕಾರಿ ಶಾಲೆಯಲ್ಲಿ ನಲಿ–ಕಲಿ ತರಗತಿ ತೆಗೆದುಕೊಳ್ಳುವವರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಆ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. “ಪೆಟ್ಟಿಗೆ ಬಿಸಾಡಬೇಡಿ ಮಾರಾಯ್ರೇ, ಐದೇ ಕಾರ್ಡು ಹೊರಗಿಟ್ಟು ಉಳಿದದ್ದು ಒಳಗಿಡಿ” ಎಂದರು. ಆ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲವೂ ಆಗುತ್ತವೆ. ‘ಸ’ ಪಕ್ಕಕ್ಕೆ ‘ರ’ ಇಟ್ಟು ಎರಡನ್ನೂ ಕೂಡಿಸಿ ಹೇಳಿದರೆ ಸಾಕು, ಅದು ‘ಸರ’ವೇ, ನಮ್ಮ ಲಿಪಿಯ ಈ ಸೌಕರ್ಯವನ್ನು ಬಳಸಿಕೊಳ್ಳದೆ ಎರಡು ತಿಂಗಳು ಬರಿದೇ ಬಾಯಿಪಾಠ ಮಾಡಿಸಿದ್ದಕ್ಕೆ ನನಗೆ ಈಗಲೂ ಬೇಸರವಿದೆ. ಹದಿನೈದು ದಿನದೊಳಗೆ ಮಗಳು ಗರಗಸ ಓದಿದಳು. ಎರಡನೆಯ ಗುಂಪು ಸೇರಿದ ಮೇಲೆ ಮರ, ಜನ, ದನ, ಬಸವ ಬಂದವು. ‘ದನ’ದ ಎರಡು ಕಾರ್ಡುಗಳನ್ನು ಅವಳು ಕೊಟ್ಟಿಗೆಯ ಬಾಗಿಲಿಗೆ ಒರಗಿಸಿಟ್ಟು ಬಂದಿದ್ದಳು.

ಓದು ಮನೆಯಿಂದ ಹೊರಗೆ ಕಾಲಿಟ್ಟದ್ದು ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಲ್ಲಿ. ನಾವು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದೆವು. ಎದುರು ಬಂದು ನಿಂತ ಬಸ್ಸಿನ ಹಣೆಯನ್ನೇ ದಿಟ್ಟಿಸುತ್ತಿದ್ದ ಮಗಳು ಒಮ್ಮೆಲೇ “ಅಮ್ಮಾ, ಸಾಗರ!” ಎಂದು ಕೂಗಿದಳು. ಸ, ಗ, ರ ಮೂರೂ ಮೊದಲ ಗುಂಪಿನವು, ದೀರ್ಘವೊಂದು ಆಗಷ್ಟೇ ಬಂದಿತ್ತು. ತೀರ್ಥಹಳ್ಳಿಯ ಬೋರ್ಡು ಓದಲು ಅವಳಿಗೆ ಮುಂದೆ ಒಂದು ವರ್ಷವೇ ಬೇಕಾಯಿತು.

ಈ ಪೆಟ್ಟಿಗೆಯ ಅತಿ ದೊಡ್ಡ ದೋಷವಿರುವುದು ಕಾಗುಣಿತದ ಪ್ಲಾಸ್ಟಿಕ್ ಚಿಹ್ನೆಗಳಲ್ಲಿ. ನೋಡಲು ಚೆಂದ, ಉಪಾಯವೂ ಒಳ್ಳೆಯದೇ. ಆದರೆ ‘ಕ’ವನ್ನು ‘ಕಿ’ ಮಾಡುವಾಗ ತಲೆಕಟ್ಟು ಹೋಗಿ ಆ ಜಾಗಕ್ಕೆ ಗುಡಿಸು ಬರಬೇಕು, ‘ಕೆ’ ಮಾಡುವಾಗಲೂ ತಲೆಕಟ್ಟು ಉಳಿಯಬಾರದು. ಕಾರ್ಡಿನ ಮೇಲೆ ಅಚ್ಚಾದ ತಲೆಕಟ್ಟು ಹೋಗುವುದೆಲ್ಲಿಗೆ? ಗುಡಿಸಿನ ಅಡಿಯಲ್ಲಿ ಅದೂ ಇಣುಕುತ್ತದೆ. ಮಗಳು ಕಂಡದ್ದನ್ನು ಕಂಡಂತೆಯೇ ಸ್ಲೇಟಿನ ಮೇಲೆ ತಲೆಕಟ್ಟು, ಗುಡಿಸು ಎರಡನ್ನೂ ಹಾಕಿ ‘ಗಿ’ ಬರೆದಳು. ಅದನ್ನು ಬಿಡಿಸಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಕೊಂಬು ಮಾತ್ರ ಬಲಮಗ್ಗುಲಿಗೆ ಕೂರುವುದರಿಂದ ಗು, ಸು, ದು ಸರಿಯಾಗಿ ಬಂದವು. ಅಲ್ಲಿಯೂ ಒಂದು ಎಡವಟ್ಟಾಯಿತು. ‘ಹಾವು’ ಜೋಡಿಸಲೆಂದು ‘ವ’ದ ಪಕ್ಕಕ್ಕೆ ಕೊಂಬಿಟ್ಟ ಮಗಳು ಸ್ವಲ್ಪ ಹೊತ್ತು ನೋಡಿ, ಇದು ‘ಮ’ ಅಲ್ಲವೇ ಎಂದು ಕೇಳಿದಳು. ಅವಳು ಹೇಳಿದ್ದೇ ಸರಿ. ವಕಾರಕ್ಕೆ ಕೊಂಬನ್ನು ಪಕ್ಕಕ್ಕಿಟ್ಟರೆ ಮಕಾರದ ಆಕಾರವೇ ಬರುತ್ತದೆ. ಆದ್ದರಿಂದಲೇ ‘ವು’, ‘ಪು’ ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸುತ್ತೇವೆ. ಐದು ವರ್ಷದ ಮಗುವಿನ ಕಣ್ಣಿಗೆ ಬಿದ್ದ ಈ ಸಂಗತಿ ತಯಾರಿಸಿದವರ ಕಣ್ಣಿಗೆ ಹೇಗೆ ಬೀಳಲಿಲ್ಲವೋ ತಿಳಿಯದು. ಕೊನೆಗೆ ನಾನು ಮದುವೆಯ ಕರೆಯೋಲೆಗಳ ಖಾಲಿ ಮಗ್ಗುಲನ್ನು ಕತ್ತರಿಸಿ, ಒಂದೊಂದು ಗುಣಿತವನ್ನೂ ಪೂರ್ಣರೂಪದಲ್ಲಿ ದಪ್ಪ ಪೆನ್ನಿನಿಂದ ಬರೆದು ಕಾರ್ಡು ಮಾಡಿಕೊಂಡೆ.

ಒತ್ತಕ್ಷರವನ್ನು ಕಟ್ಟಕಡೆಗೆ ಇಟ್ಟಿರುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಮಗು ಓದಲು ಹಂಬಲಿಸುವ ಮೊದಲ ಮಾತುಗಳು ಯಾವುವು? ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ. ಒತ್ತಿಲ್ಲದೆ ಇವುಗಳಲ್ಲಿ ಒಂದೂ ಇಲ್ಲ. ಅರಸನನ್ನೂ ಅಗಸನನ್ನೂ ಓದಬಲ್ಲ ಮಗುವಿಗೆ ಅಮ್ಮನನ್ನು ಓದಲು ಒಂದು ವರ್ಷ ಕಾಯಿಸುವುದು ಸರಿಯಲ್ಲವೆಂದು, ಮನೆಯವರ ಹೆಸರಿನ ಈ ಐದು ಪದಗಳನ್ನು ಇಡಿಯಾಗಿಯೇ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಕ್ಕ, ಪ್ಪ, ಜ್ಜಗಳ ಒತ್ತು ಮೂಲಾಕ್ಷರವನ್ನು ಹೋಲುವುದರಿಂದ ಅವು ಬೇಗ ಹಿಡಿದವು. ತ, ನ, ಮ, ಯ, ರ, ಲಗಳ ಒತ್ತು ಬೇರೆಯೇ ರೂಪದ್ದಾದ್ದರಿಂದ ದಿನಕ್ಕೊಂದರಂತೆ ತೋರಿಸಬೇಕಾಯಿತು. ವಿಜಾತಿ ಒತ್ತಕ್ಷರದ ಕಾರ್ಡುಗಳು ಈ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ‘ಪುಸ್ತಕ’ ಎಂಬ ಪದವನ್ನೇ ಜೋಡಿಸಲಾಗದ ಓದಿನ ಪೆಟ್ಟಿಗೆ ಇದು. ಅರ್ಕಾವತ್ತಂತೂ ಕಣ್ಣಿಗೆ ಯಕಾರದ ನಂತರ ಕಂಡು ಬಾಯಿಗೆ ಮೊದಲು ಬರುವುದರಿಂದ ಮಗಳು ‘ಸೂರ್ಯ’ನನ್ನು ಬಹಳ ದಿನ ‘ಸೂಯರ’ ಎಂದೇ ಓದುತ್ತಿದ್ದಳು.

ಬಾಳಿಕೆಯ ಬಗ್ಗೆ ಮಲೆನಾಡಿನವರು ಗಮನಿಸಬೇಕಾದ ಮಾತು: ಮೊದಲ ಜುಲೈನಲ್ಲೇ ರಟ್ಟಿನ ಅಂಚು ಉಬ್ಬಿ ಪದರ ಬಿಟ್ಟಿತು, ಆಗಸ್ಟ್ ಹೊತ್ತಿಗೆ ಚಿತ್ರದ ಮಗ್ಗುಲಿಗೆ ಬೂಷ್ಟು ಹಿಡಿಯಿತು. ಬಿಸಿಲು ಕಂಡ ಮೇಲೆ ಒರೆಸಿ, ಶಿವಮೊಗ್ಗಕ್ಕೆ ಒಯ್ದು ಲ್ಯಾಮಿನೇಶನ್ ಮಾಡಿಸಿದೆ. ಈಗ ಮಳೆಗಾಲದಲ್ಲಿ ತಗಡಿನ ಡಬ್ಬಿಯಲ್ಲಿ ಹಾಕಿ ಬಚ್ಚಲ ಒಲೆಗೆ ಹತ್ತಿರದ ಕಪಾಟಿನಲ್ಲಿಡುತ್ತೇವೆ. ಅಕ್ಷರದ ಉಚ್ಚಾರಣೆ ಕೇಳಿಸುವ ಮೊಬೈಲ್ ಆ್ಯಪ್ ಕೂಡ ಇದರೊಂದಿಗೆ ಇತ್ತು. ಅದು ಒಂದು ವರ್ಷದಲ್ಲಿ ನಿಂತುಹೋಯಿತು, ನಾವು ಅದನ್ನು ನೆನೆಯಲೂ ಇಲ್ಲ.

ಓದಿನ ಪುಸ್ತಕ ಒಂದೇ ತಿಂಗಳಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ನಮಗೆ ಆಸರೆಯಾದದ್ದು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ. ಅಲ್ಲಿ ಕನ್ನಡದ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ; ಇಳಿಸಿಕೊಂಡು ಅಚ್ಚು ಹಾಕಿಸಿಕೊಳ್ಳಬಹುದು. ಕರೆಂಟು ಹೋಗಿ, ನೆಟ್‌ವರ್ಕ್ ಹೋಗಿ, ಶಾಲೆಗೆ ಮಳೆ ರಜೆ ಕೊಟ್ಟ ದಿನಗಳಲ್ಲಿ ಹೀಗೆ ಅಚ್ಚು ಹಾಕಿಸಿಟ್ಟ ಕಥೆಗಳನ್ನು ಅಜ್ಜಿಯ ಪಕ್ಕ ಕಂಬಳಿ ಹೊದ್ದು ಕುಳಿತು ಮಗಳು ಬೆರಳಿಟ್ಟು ಓದಿದಳು. ನಾವು ‘ಹೋಗ್ತೀನಿ’ ಎನ್ನುವುದನ್ನು ಪುಸ್ತಕ ‘ಹೋಗುತ್ತೇನೆ’ ಎನ್ನುತ್ತದೆ ಎಂಬುದು ಅವಳಿಗೆ ಗೊತ್ತಾದದ್ದೂ ಹಾಗೆಯೇ.

ನಾಲ್ಕರಿಂದ ಆರು ವರ್ಷದ ಮಕ್ಕಳಿರುವವರು ಇಂತಹ ಪೆಟ್ಟಿಗೆಯನ್ನು ಕೊಳ್ಳಬಹುದು, 49 ಕಾರ್ಡುಗಳಿಗಾಗಿ ಮಾತ್ರ. ಸೂಚನೆಯ ಹಾಳೆಯನ್ನೂ ಪ್ಲಾಸ್ಟಿಕ್ ಚಿಹ್ನೆಗಳನ್ನೂ ತೆಗೆದಿಡಿ. ದಿನಕ್ಕೆ ಕಾಲು ಗಂಟೆ ಸಾಕು, ಮಗುವಿಗೆ ಬೇಡವೆನಿಸಿದ ದಿನ ಅದೂ ಬೇಡ. ಬಿಡಿ ಕಾರ್ಡುಗಳು ಸಿಗುವುದಿಲ್ಲ. ಕಳೆದುಹೋದ ‘ನ’ಕಾರಕ್ಕಾಗಿ ಕಳೆದ ವರ್ಷ ತಯಾರಕರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಈ ಜೂನ್‌ನಲ್ಲಿ ತಮ್ಮನಿಗೆ ಅದರ ಅಗತ್ಯ ಬಿದ್ದಾಗ ಮಗಳೇ ಹೊಸ ಕಾರ್ಡು ಬರೆದುಕೊಟ್ಟಳು. ಮೊದಲಿನದರಲ್ಲಿ ನರಿಯ ಚಿತ್ರವಿತ್ತು. ಇವಳು ಹೆಂಚಿನ ಮನೆಯೊಂದನ್ನು ಬಿಡಿಸಿ, ಅದರ ಕೆಳಗೆ ಒತ್ತು ತಪ್ಪದಂತೆ ‘ನಮ್ಮನೆ’ ಎಂದು ಬರೆದಿದ್ದಾಳೆ.