ಪೆಟ್ ಅಂಗಡಿಯ ಸಾಮಾನು: ನಾಯಿಯ ಕಣ್ಣಲ್ಲಿ ಎಷ್ಟು ಮಾರ್ಕು?

ಪೆಟ್ ಅಂಗಡಿಯ ಆಟಿಕೆ ಕಪಾಟಿನಲ್ಲಿ ಕೆಂಪು, ಕಿತ್ತಳೆ, ಗಿಣಿಹಸಿರು ಬಣ್ಣಗಳದ್ದೇ ಕಾರುಬಾರು. ದುಡ್ಡು ಕೊಡುವುದು ಮನುಷ್ಯ, ಹಾಗಾಗಿ ಬಣ್ಣವೂ ಮನುಷ್ಯನ ಕಣ್ಣಿಗೇ. ನಾಯಿಗೆ ಲೋಕವೆಲ್ಲ ಕಪ್ಪು-ಬಿಳುಪು ಅನ್ನುವುದು ತಪ್ಪು ತಿಳುವಳಿಕೆ. ಬಣ್ಣ ಹಿಡಿಯುವ ಕೋನ್ ಕೋಶಗಳು ನಮ್ಮಲ್ಲಿ ಮೂರು ಬಗೆ, ನಾಯಿಯಲ್ಲಿ ಎರಡೇ ಬಗೆ. 1989ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಇವೆರಡರ ಗರಿಷ್ಠ ಸಂವೇದನೆ ಸುಮಾರು 429 (ನೀಲಿ-ನೇರಳೆ) ಮತ್ತು 555 (ಹಳದಿ ಬೆರೆತ ಹಸಿರು) ನ್ಯಾನೊಮೀಟರ್ ಅಲೆಯುದ್ದದ ಬೆಳಕಿನಲ್ಲಿ ಇದೆ ಎಂದು ಗೊತ್ತಾಯಿತು. ಅಂದರೆ ನೀಲಿ-ನೇರಳೆ ಎಲ್ಲ ಒಂದು ಪಂಗಡ. ಹಸಿರು, ಹಳದಿ, ಕಿತ್ತಳೆ ಎಲ್ಲ ಇನ್ನೊಂದು ಪಂಗಡ, ಮೂರೂ ಹೆಚ್ಚುಕಡಿಮೆ ಹಳದಿ ಛಾಯೆ. ಕೆಂಪು ಮಾಸಲು ಕಂದಾಗಿ, ಕತ್ತಲಾಗಿ ಕಾಣುತ್ತದೆ. ಈ ಲೆಕ್ಕ ಇಟ್ಟುಕೊಂಡು ಕಪಾಟಿನ ಸಾಮಾನಿಗೆ ಮಾರ್ಕು ಹಾಕಿದರೆ ದುಬಾರಿ ಮಾಲು ಕೆಲವು ಫೇಲಾಗುತ್ತವೆ, ಸೋವಿ ಮಾಲು ಕೆಲವು ಆರಾಮಾಗಿ ಪಾಸಾಗುತ್ತವೆ.

ಮೊದಲು ಚೆಂಡು. ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದರೆ, ಅದು ಉರುಳುತ್ತಿರುವಷ್ಟು ಹೊತ್ತು ನಾಯಿ ನೇರ ಬೆನ್ನಟ್ಟುತ್ತದೆ. ಚೆಂಡು ನಿಂತಿತೋ, ಎರಡು ಅಡಿ ಪಕ್ಕದಲ್ಲೇ ಹಾದುಹೋಗಿ ಮೂಗು ನೆಲಕ್ಕೆ ಹಚ್ಚಿ ಸುತ್ತು ಹಾಕುತ್ತದೆ. ಇದು ದಡ್ಡತನವಲ್ಲ. ಅಲುಗಾಡುವುದನ್ನು ಹಿಡಿಯುವುದರಲ್ಲಿ ಅದರ ಕಣ್ಣು ಚುರುಕು, ನಿಂತದ್ದನ್ನು ಗುರುತಿಸುವುದರಲ್ಲಿ ಮಂದ. ಸಾಮಾನ್ಯ ನಾಯಿಯ ದೃಷ್ಟಿ 20/75 ಆಸುಪಾಸು: ನಮಗೆ 75 ಅಡಿಯಿಂದ ಕಾಣುವ ವಿವರ ಅದಕ್ಕೆ ಕಾಣಬೇಕಾದರೆ 20 ಅಡಿಗೆ ಬರಬೇಕು. ಅದರ ಮೇಲೆ ಹಸಿರಿನಲ್ಲಿ ಕೆಂಪು ಬೆರೆತುಹೋದರೆ ಮೂಗೇ ಗತಿ.

ಟೆನಿಸ್ ಚೆಂಡು ಹಳದಿಯಲ್ಲವೇ, ಅದು ಸರಿ ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ಸರಿ. ಆ ಹಳದಿ ಬಣ್ಣ ಟೆನಿಸ್ ನಿಯಮಕ್ಕೆ ಸೇರಿದ್ದು 1972ರಲ್ಲಿ, ಟಿವಿ ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು. ನಾಯಿಗೆ ಹುಲ್ಲೂ ಹಳದಿ, ಚೆಂಡೂ ಹಳದಿ. ಚೆಂಡು ಕೊಂಚ ಬೆಳ್ಳಗೆ, ಅಷ್ಟೇ. ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿದ ಹುಲ್ಲಿನ ಮೇಲೆ ಆ ಅನುಕೂಲವೂ ಹೋಗುತ್ತದೆ. ಇನ್ನೂ ದೊಡ್ಡ ತಕರಾರು ಬೇರೆ ಇದೆ. ಚೆಂಡಿನ ಮೇಲಿನ ರೋಮದ ಬಟ್ಟೆಯಲ್ಲಿ ಮಣ್ಣು-ಮರಳು ಕೂತರೆ ಅದು ಹಲ್ಲು ಉಜ್ಜಿ ಸವೆಸುತ್ತದೆ. ದಿನಾ ಅಗಿಯುವ ನಾಯಿಯ ಕೋರೆಹಲ್ಲಿನ ತುದಿ ಚಪ್ಪಟೆಯಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಚೆಂಡಿನ ಅಡ್ಡಳತೆ ಸುಮಾರು 6.5 ಸೆಂಟಿಮೀಟರ್, ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್‌ನ ಗಂಟಲಿನ ಹಿಂಭಾಗಕ್ಕೆ ಜಾರಿ ಸಿಕ್ಕಿಕೊಳ್ಳುವಷ್ಟು ಚಿಕ್ಕದು. ಟೆನಿಸ್ ಚೆಂಡಿಗೆ 10ಕ್ಕೆ 3. ಅದೇ ದುಡ್ಡಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ನೀಲಿ ಬಣ್ಣದ, ನುಣುಪು ರಬ್ಬರಿನ, 7.5 ಸೆಂಟಿಮೀಟರಿಗೆ ಕಡಿಮೆಯಿಲ್ಲದ, ಆರಪಾರ ತೂತಿರುವ ಚೆಂಡು ತಗೊಳ್ಳಿ. ತೂತು ಯಾಕೆಂದರೆ ಅಕಸ್ಮಾತ್ ಗಂಟಲಲ್ಲಿ ಸಿಕ್ಕಿದರೂ ಉಸಿರಾಡಲು ಒಂದಿಷ್ಟು ದಾರಿ ಇರುತ್ತದೆ. ನೀಲಿಗೆ ಇನ್ನೊಂದು ಲಾಭ: ಸಂಜೆ ಬೆಳಕು ಇಳಿಯುವಾಗ ಮೊದಲು ಕಪ್ಪಾಗುವುದು ಕೆಂಪು, ನೀಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. 10ಕ್ಕೆ 9.

ತಿಂಡಿ ತುಂಬುವ ರಬ್ಬರ್ ಆಟಿಕೆಯ ವಿಷಯ ಬೇರೆ. ಕಾಂಗ್ ಕಂಪನಿಯ ಹೆಸರುವಾಸಿ ಮಾಲು ಕಾಂಗ್ ಕ್ಲಾಸಿಕ್, ಬಣ್ಣ ಕೆಂಪು. ಹಾಗಂತ ಫೇಲ್ ಮಾಡುವಂತಿಲ್ಲ, ಇದು ಮನೆಯೊಳಗಿನ ವಸ್ತು. ಬಿಳಿ ಅಥವಾ ತಿಳಿಬಣ್ಣದ ವಿಟ್ರಿಫೈಡ್ ಟೈಲ್ಸ್ ಮೇಲೆ ಅದು ಕಪ್ಪು ಗುಡ್ಡೆಯಾಗಿ ಸ್ಪಷ್ಟ ಕಾಣುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಮಾತ್ರ ಪೂರ್ತಿ ಮಾಯ. ನೋಡಬೇಕಾದದ್ದು ಬಣ್ಣವನ್ನಲ್ಲ, ನಿಮ್ಮ ಮನೆಯ ನೆಲಕ್ಕೂ ಬಣ್ಣಕ್ಕೂ ಇರುವ ಅಂತರವನ್ನು. ಮೊಬೈಲ್‌ನಲ್ಲಿ ನೆಲದ ಮೇಲಿಟ್ಟ ಆಟಿಕೆಯ ಫೋಟೊ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿ ನೋಡಿ. ಅದರಲ್ಲೂ ಎದ್ದು ಕಂಡರೆ ಪಾಸ್. ಕೆಂಪು ವಸ್ತು ನಾಯಿಗೆ ಆ ಫೋಟೊದಲ್ಲಿ ಇರುವುದಕ್ಕಿಂತಲೂ ಕಪ್ಪಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ಸೈಜಿನಲ್ಲಿ ಜಿಪುಣತನ ಬೇಡ. ಬಾಯೊಳಗೆ ಪೂರ್ತಿ ಹೋಗದ ಅಳತೆ ಬೇಕು. ತೂಕದ ಪಟ್ಟಿಯಲ್ಲಿ ನಿಮ್ಮ ನಾಯಿ ಎರಡು ಸೈಜಿನ ಗಡಿಯಲ್ಲಿದ್ದರೆ ದೊಡ್ಡದನ್ನೇ ತಗೊಳ್ಳಿ. ತುಂಬುವುದಕ್ಕೆ ಡಬ್ಬಿಯ ಪೇಸ್ಟ್ ಬೇಕಿಲ್ಲ. ಕೆಳಗಿನ ಸಣ್ಣ ತೂತಕ್ಕೆ ಒಂದು ತುಂಡು ಬೇಯಿಸಿದ ಕ್ಯಾರೆಟ್ ಒತ್ತಿ, ಮೇಲೆ ನೀರು ಬಸಿದ ಗಟ್ಟಿ ಮೊಸರು ಮತ್ತು ಬೇಯಿಸಿ ಕಿವುಚಿದ ಸಿಹಿಗುಂಬಳ ತುಂಬಿ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ಬೇಡ. ಪೀನಟ್ ಬಟರ್ ಹಾಕುವುದಾದರೆ ಸಕ್ಕರೆ ಬದಲು ಹಾಕುವ ಜೈಲಿಟಾಲ್ ಲೇಬಲ್‌ನಲ್ಲಿ ಇಲ್ಲದ್ದನ್ನು ಖಾತ್ರಿ ಮಾಡಿಕೊಳ್ಳಿ. ಜೈಲಿಟಾಲ್ ನಾಯಿಗೆ ವಿಷ. ಮೊದಲ ಸಲವೇ ಗಟ್ಟಿ ಹೆಪ್ಪುಗಟ್ಟಿಸಿ ಕೊಟ್ಟರೆ ಅನೇಕ ನಾಯಿಗಳು ಎರಡು ನೆಕ್ಕಿ ಬಿಟ್ಟುಹೋಗುತ್ತವೆ. ಮೊದಲು ಸಡಿಲವಾಗಿ ನಾಯಿ ಆಹಾರದ ಒಣ ಕಾಳು ತುಂಬಿ, ಉರುಳಿಸಿದರೆ ಉದುರುತ್ತದೆ ಎಂದು ಗೊತ್ತಾದ ಮೇಲೆ ಬಿಗಿ ಮಾಡುತ್ತ ಹೋಗಬೇಕು. ತೊಳೆಯುವುದಕ್ಕೆ ಫೀಡಿಂಗ್ ಬಾಟಲಿಯ ಬ್ರಷ್ ಸಾಕು. ರಬ್ಬರ್ ಚೂರು ಕಿತ್ತು ಬರತೊಡಗಿದ ದಿನ ಕಸಕ್ಕೆ. 10ಕ್ಕೆ 8, ಒಂದು ಮಾರ್ಕು ಬಣ್ಣಕ್ಕೆ ಹೋಯಿತು, ಒಂದು ಬೆಲೆಗೆ.

ಬೋಗುಣಿಗೆ ಹೆಚ್ಚು ಯೋಚನೆ ಬೇಡ. ತಳಕ್ಕೆ ರಬ್ಬರ್ ಉಂಗುರ ಇರುವ ಸ್ಟೀಲಿನದು ಉತ್ತಮ. ಪ್ಲಾಸ್ಟಿಕ್‌ನಲ್ಲಿ ಗೀರು ಬಿದ್ದು ಜಿಡ್ಡು ಕೂರುತ್ತದೆ. ಕೆಲವು ನಾಯಿಗಳು ಹೊಸ ಸ್ಟೀಲ್ ಬೋಗುಣಿಯ ಹೊಳಪಿಗೋ, ಬೆಲ್ಟಿನ ಬಿಲ್ಲೆ ತಾಗಿ ಬರುವ ಟಣ್ ಶಬ್ದಕ್ಕೋ ಹಿಂದೆ ಸರಿಯುತ್ತವೆ. ಮ್ಯಾಟ್ ಫಿನಿಶ್ ತಂದರೆ, ಊಟದ ಹೊತ್ತಿಗೆ ಬಿಲ್ಲೆ ಬಿಚ್ಚಿದರೆ ಸರಿಹೋಗುತ್ತದೆ. ಎತ್ತರದ ಸ್ಟ್ಯಾಂಡ್ ಕತ್ತಿಗೆ ಒಳ್ಳೆಯದು ಎಂದು ಮಾರುತ್ತಾರೆ. ಆದರೆ 2000ರಲ್ಲಿ ಬಂದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ದೊಡ್ಡ ತಳಿಗಳಲ್ಲಿ ಎತ್ತರದ ಬೋಗುಣಿಗೂ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯಕ್ಕೂ ನಂಟು ಕಂಡಿತ್ತು. ಕತ್ತುನೋವಿರುವ ನಾಯಿಗೆ ವೈದ್ಯರು ಹೇಳಿದರೆ ಸರಿ, ಇಲ್ಲದಿದ್ದರೆ ನೆಲವೇ ಸಾಕು. ಅಂದಹಾಗೆ, ಮೂಗಿನ ಬುಡದಲ್ಲಿಟ್ಟ ಬಿಸ್ಕತ್ತನ್ನು ನಾಯಿ ತಡವರಿಸಿ ಹುಡುಕಿದರೆ ಗಾಬರಿ ಬೇಡ. ಒಂದು ಅಡಿಗಿಂತ ಹತ್ತಿರದ್ದು ಅದಕ್ಕೆ ಮಬ್ಬು.

ಈಗ ಟಿವಿ. ಇದು ಪೆಟ್ ಅಂಗಡಿಯದಲ್ಲ, ಆದರೂ ನಾಯಿಯ ದಿನದಲ್ಲಿ ದೊಡ್ಡ ಪಾಲು ಇದರದ್ದು. ಹಳೇ ಡಬ್ಬಿ ಟಿವಿ ಸೆಕೆಂಡಿಗೆ 50 ಸಲ ಮಿನುಗುತ್ತಿತ್ತು. ನಮ್ಮ ಕಣ್ಣಿಗೆ ಅದು ಸೇರಿಕೊಂಡು ಒಂದೇ ಚಿತ್ರವಾಗುತ್ತಿತ್ತು. ನಾಯಿಯ ಕಣ್ಣು ಸೆಕೆಂಡಿಗೆ 70ಕ್ಕೂ ಹೆಚ್ಚಿನ ಮಿನುಗನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲದು, ಹಾಗಾಗಿ ಅದಕ್ಕೆ ಬರೀ ಪಟಪಟ. ಈಗಿನ ಎಲ್‌ಇಡಿ ಪರದೆ ಹಾಗೆ ಮಿನುಗುವುದಿಲ್ಲ. ಮೊದಲು ತಿರುಗಿಯೂ ನೋಡದ ನಾಯಿ ಹೊಸ ಟಿವಿ ಬಂದ ಮೇಲೆ ಪರದೆಗೆ ಎಗರುವುದಕ್ಕೆ ಇದೂ ಒಂದು ಕಾರಣ. ನಾಯಿಗೆಂದೇ ನೀಲಿ-ಹಳದಿ ತಿದ್ದಿ ಮಾಡಿದ ವಿಡಿಯೊ ಚಾನೆಲ್‌ಗಳಿವೆ. ಒಂಟಿ ನಾಯಿ ಇವನ್ನು ಗಂಟೆಗಟ್ಟಲೆ ನೋಡುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ, ಹೆಚ್ಚಿನವು ಕೆಲ ನಿಮಿಷಕ್ಕೆ ಮಲಗುತ್ತವೆ. ಚಂದಾ ಕಟ್ಟುವ ಮೊದಲು ಯೂಟ್ಯೂಬ್‌ನ ಬಿಟ್ಟಿ ವಿಡಿಯೊದಲ್ಲೇ ಪರೀಕ್ಷಿಸಿ.

ನಿಜವಾದ ತೊಂದರೆ ನ್ಯೂಸ್ ಚಾನೆಲ್, ಅದರಲ್ಲೂ ಬೀದಿನಾಯಿಗಳ ಚರ್ಚೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 22ಕ್ಕೆ ಅದನ್ನು ತಿದ್ದಿ, ರೇಬಿಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ತೆರವುಗೊಳಿಸಿ, ವಾಪಸ್ ಅಲ್ಲಿಗೇ ಬಿಡಬೇಡಿ ಎಂಬ ಆದೇಶ. ಸೋಫಾದ ಮೇಲೆ ಕೂತವರಿಗೆ ಇದು ಚರ್ಚೆ. ಸೋಫಾದ ಕೆಳಗೆ ಮಲಗಿದವನಿಗೆ ಕಾನೂನು ಗೊತ್ತಿಲ್ಲ; ಆಂಕರ್ ಕೂಗುವಾಗ ಹಿಂದೆ ಓಡುವ ಕ್ಲಿಪ್‌ನಲ್ಲಿ ಪರಕೀಯ ನಾಯಿಯೊಂದು ತನ್ನ ಮನೆಗೇ ನುಗ್ಗಿ ಬೊಗಳುತ್ತಿದೆ, ವಾಸನೆ ಮಾತ್ರ ಇಲ್ಲ. ಎದ್ದು ಟಿವಿಯ ಹಿಂದೆ ಹೋಗಿ ಹುಡುಕುವುದು ಅದಕ್ಕೇ. ಬೈಯಬೇಡಿ, ಬೈದರೆ ನೀವೂ ಜೊತೆಗೆ ಬೊಗಳಿದಂತೆ. ಸೌಂಡ್‌ಬಾರ್ ನೆಲಮಟ್ಟದ ಸ್ಟ್ಯಾಂಡ್‌ನಲ್ಲಿದ್ದರೆ ಮೇಲಕ್ಕೆತ್ತಿ, ಸೆಟ್ಟಿಂಗ್‌ನಲ್ಲಿ ಟ್ರೆಬಲ್ (ಕೀಚಲು ದನಿ) ಇಳಿಸಿ, ಚರ್ಚೆಯ ಹೊತ್ತಿಗೆ ಮೇಲೆ ಹೇಳಿದ ಹೆಪ್ಪುಗಟ್ಟಿದ ಆಟಿಕೆಯನ್ನು ಪಕ್ಕದ ಕೋಣೆಯಲ್ಲಿ ಕೊಡಿ. ನ್ಯೂಸ್ ಚಾನೆಲ್‌ಗೆ ಮಾರ್ಕು ಕೊಡುವ ಉಸಾಬರಿ ನಮಗೆ ಬೇಡ.

ಮನೆಯಲ್ಲಿ ಯಾರೂ ಇಲ್ಲದಾಗ ನೋಡಲು ವೈಫೈ ಕ್ಯಾಮೆರಾ. ತಿಂಡಿ ಎಸೆಯುವ ಪೆಟ್ ಕ್ಯಾಮೆರಾಗೆ ಹತ್ತು ಸಾವಿರ ಸುರಿಯುವುದಕ್ಕಿಂತ ಎರಡು ಸಾವಿರದ ಆಸುಪಾಸಿನ ಸಾಮಾನ್ಯ ಇನ್‌ಡೋರ್ ಕ್ಯಾಮೆರಾ ಮೇಲು. ಎಸೆಯುವ ಯಂತ್ರಕ್ಕೆ ದುಂಡಗಿನ, ಒಣ, ಸುಮಾರು ಒಂದು ಸೆಂಟಿಮೀಟರಿನ ತಿಂಡಿಯೇ ಆಗಬೇಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತಿಂಡಿ ತೇವ ಹಿಡಿದು ಅಂಟಿಕೊಂಡು ಬಾಯಿ ಕಟ್ಟುತ್ತದೆ. ಮೋಟಾರ್ ಗುರ್ ಅನ್ನುತ್ತದೆ, ತಿಂಡಿ ಬರುವುದಿಲ್ಲ, ನಾಯಿ ಯಂತ್ರವನ್ನೇ ಕೆಡವುತ್ತದೆ. ಸಾಮಾನ್ಯ ಕ್ಯಾಮೆರಾವನ್ನು ಚಾವಣಿಯ ಮೂಲೆಯಲ್ಲಿ ಹಾಕಿದರೆ ಬೆನ್ನು ಮಾತ್ರ ಕಾಣುತ್ತದೆ. ಮೂರು ಅಡಿ ಎತ್ತರದ ಶೆಲ್ಫ್‌ನಲ್ಲಿ, ಮುಂಬಾಗಿಲು ಮತ್ತು ಮಲಗುವ ಜಾಗ ಎರಡೂ ಬೀಳುವಂತೆ ಇಟ್ಟರೆ ಮುಖ, ಕಿವಿ, ಬಾಲ ಎಲ್ಲ ಗೊತ್ತಾಗುತ್ತವೆ. ನೀವು ಹೊರಟ ಮೊದಲ ಅರ್ಧ ಗಂಟೆ ಮುಖ್ಯ. ಒಂಟಿತನದ ಕಳವಳ ಇರುವ ನಾಯಿ ಆ ಹೊತ್ತಿನಲ್ಲೇ ಜೊಲ್ಲು ಸುರಿಸುವುದು, ಬಾಗಿಲು ಕೆರೆಯುವುದು, ಊಳಿಡುವುದು ಶುರು ಮಾಡುತ್ತದೆ. ಎರಡು ಗಂಟೆ ನಿದ್ದೆ ಮಾಡಿ ಎದ್ದು ಚಪ್ಪಲಿ ಕಚ್ಚಿದರೆ ಅದು ಹೆಚ್ಚಾಗಿ ಬರೀ ಬೇಜಾರು. ಮೊದಲನೆಯದಕ್ಕೆ ವೈದ್ಯರು ಬೇಕು, ಎರಡನೆಯದಕ್ಕೆ ಬೆಳಗಿನ ವಾಕಿಂಗ್.

ಕ್ಯಾಮೆರಾದ ಮೂಲಕ ಮಾತಾಡುವ ಬಟನ್ ಬಳಸುವ ಮುನ್ನ, ನೀವು ಮನೆಯಲ್ಲಿರುವಾಗಲೇ ಪಕ್ಕದ ಕೋಣೆಯಿಂದ ಪರೀಕ್ಷಿಸಿ. ದನಿ ಇದೆ, ಯಜಮಾನ ಇಲ್ಲ ಎಂದಾದರೆ ಕೆಲವು ನಾಯಿಗಳ ಕಳವಳ ಹೆಚ್ಚುತ್ತದೆ. ಕರೆಂಟ್ ಹೋದರೆ ಕ್ಯಾಮೆರಾ, ರೂಟರ್ ಎರಡೂ ಸತ್ತಂತೆ; ಇನ್ವರ್ಟರ್ ಇಲ್ಲದ ಮನೆಯವರು ಮಿನಿ ಯುಪಿಎಸ್ ಸೇರಿಸಿಯೇ ಬಜೆಟ್ ಹಾಕಿ. ಕ್ಯಾಮೆರಾದ ಜೊತೆಗೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಇಷ್ಟು ಮಾಡಿದರೆ 10ಕ್ಕೆ 8.

ನಮಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುವ ಪ್ಲಗ್‌ಗೆ ಸೊನ್ನೆ. ನಮಗೆ ಕೇಳುವುದು 20 ಕಿಲೊಹರ್ಟ್ಜ್‌ವರೆಗೆ, ನಾಯಿಗೆ ಸುಮಾರು 45ರವರೆಗೆ. ಆ ಪ್ಲಗ್ ಕೂಗುವುದು ಹೆಚ್ಚಾಗಿ ಇವೆರಡರ ನಡುವೆ. ಇಲಿ ಹೋಗುತ್ತದೋ ಇಲ್ಲವೋ, ಅಡುಗೆಮನೆಗೆ ಬರಲು ನಾಯಿ ಹಿಂಜರಿದರೆ ಮೊದಲು ಅದನ್ನು ಕಿತ್ತು ನೋಡಿ.

ಜಾರುವ ಟೈಲ್ಸ್‌ಗೆ ಮ್ಯಾಟ್ ಖಂಡಿತ ಬೇಕು, ಅದರಲ್ಲೂ ಏಳು ವರ್ಷ ದಾಟಿದ ಲ್ಯಾಬ್ರಡಾರ್‌ಗೆ. ಪೆಟ್ ಮ್ಯಾಟ್ ಎಂದು ಮಾರುವುದಕ್ಕಿಂತ ರಬ್ಬರ್ ತಳದ ಉದ್ದನೆ ರನ್ನರ್ ಹಾಸು ಸೋವಿ, ಗಟ್ಟಿ. ಮಲಗುವ ಜಾಗದಿಂದ ನೀರಿನ ಬೋಗುಣಿಗೆ, ಅಲ್ಲಿಂದ ಬಾಗಿಲಿಗೆ ಕಡಿಯದ ಹಾದಿಯಾಗಿ ಹಾಸಿ. ನಡುವೆ ಒಂದು ಅಡಿ ಟೈಲ್ಸ್ ಬಿಟ್ಟರೂ ಮುದಿ ನಾಯಿ ಅಲ್ಲೇ ನಿಂತುಬಿಡುತ್ತದೆ. ಬಣ್ಣ ಟೈಲ್ಸ್‌ಗಿಂತ ಕಡು ಇರಲಿ, ಅಂಚು ಕಾಣಬೇಕು. ಉಗುರು ನೆಲಕ್ಕೆ ಟಕಟಕ ಅನ್ನುತ್ತಿದ್ದರೆ, ಪಾದದ ಅಡಿ ಕೂದಲು ಬೆಳೆದಿದ್ದರೆ ಯಾವ ಮ್ಯಾಟೂ ಪೂರ್ತಿ ಕೆಲಸ ಮಾಡುವುದಿಲ್ಲ.

ಕೊನೆಗೆ ಬೆಲ್ಟು, ಚೈನು. ಎಳೆಯುವ ನಾಯಿಗೆ ಎದೆಯ ಮೇಲೆ ವೈ ಆಕಾರದಲ್ಲಿ ಕೂರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಒಳ್ಳೆಯದು. ಎದೆಗೆ ಅಡ್ಡ ಪಟ್ಟಿ ಬರುವ ಮಾದರಿ ಭುಜದ ಓಟಕ್ಕೆ ತಡೆಯಾಗಬಹುದು. ಮುಂಗಾಲಿನ ಹಿಂದೆ, ಎದೆಗೂಡು ಅತಿ ಅಗಲ ಇರುವಲ್ಲಿ ಟೇಪ್ ಸುತ್ತಿ ಅಳೆಯಿರಿ. ಹಾಕಿದ ಮೇಲೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಮುಧೋಳ ನಾಯಿಗೆ ಮಾತ್ರ ಈ ಲೆಕ್ಕ ಸಾಲದು. ಬಾಗಲಕೋಟೆ ಸೀಮೆಯ ಈ ತಳಿಯ ತಲೆ ಕತ್ತಿಗಿಂತ ಸಪೂರ, ಸಾಮಾನ್ಯ ಬೆಲ್ಟಿನಿಂದ ಹಿಮ್ಮುಖ ಎಳೆದು ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಕಣ್ಣಿನಿಂದ ಬೇಟೆಯಾಡುವ ನಾಯಿ ಇದು. ದೂರದಲ್ಲಿ ಬೆಕ್ಕೊಂದು ಅಲುಗಿದರೂ ಸಾಕು, ಆಮೇಲೆ ಕರೆದರೆ ಕಿವಿಗೆ ಬೀಳುವುದಿಲ್ಲ. ಎಳೆದಾಗ ಮಿತಿಯವರೆಗೆ ಮಾತ್ರ ಬಿಗಿಯಾಗುವ, ಒಂದೂವರೆ ಇಂಚು ಅಗಲದ ಮಾರ್ಟಿಂಗೇಲ್ ಬೆಲ್ಟನ್ನು ಕಿವಿಯ ಹಿಂದೆ ಎತ್ತರಕ್ಕೆ ಹಾಕಿ, ಪೂರ್ತಿ ಬಿಗಿದಾಗಲೂ ಅದರ ಸುತ್ತಳತೆ ಕತ್ತಿಗಿಂತ ಕಡಿಮೆಯಾಗದಂತೆ ಕೂರಿಸಿ. ಉದ್ದ ಬಿಡುವ ರೀಲ್ ಚೈನು ಈ ತಳಿಗೆ ಬೇಡವೇ ಬೇಡ: ಐದು ಮೀಟರ್ ಓಡಿ ವೇಗ ಹಿಡಿದ ಮೇಲೆ ಬೀಳುವ ಜಗ್ಗು ನೇರ ಅದರ ಕತ್ತಿಗೆ. ಆರು ಅಡಿಯ ನೈಲಾನ್ ಪಟ್ಟಿ ಸಾಕು, ಕೊಂಡಿ ಪ್ಲಾಸ್ಟಿಕ್ ಅಲ್ಲ, ಹಿತ್ತಾಳೆ ಅಥವಾ ಸ್ಟೀಲಿನದಿರಲಿ.