ಊರಿನ ಪಂಚಾಯ್ತಿ ಲೈಬ್ರರಿ ಉರುಫ್ ಅರಿವು ಕೇಂದ್ರ: ವರ್ಷಗಟ್ಟಲೆ ಬಳಸಿದ ಮೇಲೆ ಒಂದು ರಿವ್ಯೂ

ಮೊದಲೇ ರೇಟಿಂಗ್ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಜಾಗಕ್ಕೆ ಐದಕ್ಕೆ ನಾಲ್ಕು, ಅದನ್ನ ನೋಡ್ಕೊಳ್ಳೋ ಅಕ್ಕನಿಗೆ ಐದಕ್ಕೆ ಐದು, ಪುಸ್ತಕಕ್ಕೆ ಮಾತ್ರ ಎರಡು, ಅದೂ ಸ್ವಲ್ಪ ಧಾರಾಳ ಮಾಡಿ ಕೊಟ್ಟಿದ್ದು. ನಮ್ಮದು ತೀರ್ಥಹಳ್ಳಿ ಹೊಸನಗರ ಮಧ್ಯೆ ಬರೋ ಒಂದು ಪಂಚಾಯ್ತಿ, ಹೆಸರು ಹಾಕಲ್ಲ, ಹಾಕಿದ್ರೆ ನಾಳೆ ಬೆಳಿಗ್ಗೆನೇ ಪಿಡಿಒ ಸಾಹೇಬ್ರ ಫೋನು. ಲೈಬ್ರರಿ ಇಲಾಖೆ ಕೈಲಿದ್ದಾಗಿಂದ ಹಿಡಿದು ಈಗ ‘ಅರಿವು ಕೇಂದ್ರ’ ಅಂತ ಬೋರ್ಡು ಬೀಳೋ ತನಕ ಇದೊಂದೇ ಲೈಬ್ರರಿಗೆ ಹೋಗ್ತಾ ಬಂದಿರೋದ್ರಿಂದ ಎರಡೂ ಕಾಲ ನೋಡಿದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಇದೆಲ್ಲ ಸಾರ್ವಜನಿಕ ಗ್ರಂಥಾಲಯ ಇಲಾಖೆದು. ಮೇಲೆ ಬೆಂಗಳೂರಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ, ಅದೇ ಕಬ್ಬನ್ ಪಾರ್ಕಿನ ಕೆಂಪು ಬಿಲ್ಡಿಂಗು, ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಕಟ್ಟಿದ್ದು. ಅದರ ಕೆಳಗೆ ನಗರ, ಜಿಲ್ಲೆ, ಶಾಖೆ, ಕಟ್ಟಕಡೇಲಿ ನಮ್ಮಂತ ಹಳ್ಳಿ ಲೈಬ್ರರಿ. 2019ರಲ್ಲಿ ಸರ್ಕಾರ 5,600ಕ್ಕೂ ಹೆಚ್ಚು ಪಂಚಾಯ್ತಿ ಲೈಬ್ರರಿಗಳನ್ನ ಅಲ್ಲಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಪಂಚಾಯತ್ ರಾಜ್ ಇಲಾಖೆಗೆ ಕೊಡ್ತು. ಅಂದ್ರೆ ಪೇಟೆ ಲೈಬ್ರರಿಗೆ ಒಬ್ಬ ಯಜಮಾನ, ಹಳ್ಳಿ ಲೈಬ್ರರಿಗೆ ಇನ್ನೊಬ್ಬ. ಆಗ ಸುಮಾರು ಜನ ಗೊಣಗಿದ್ರು, ಲೈಬ್ರರಿ ಬಗ್ಗೆ ಪಂಚಾಯ್ತಿಯವರಿಗೆ ಎಂತ ಗೊತ್ತು, ಚರಂಡಿ ಬೀದಿದೀಪದ ಮಧ್ಯೆ ಇದೂ ಒಂದು ಫೈಲ್ ಆಗುತ್ತೆ ಅಂತ.

ಹಂಗಾಗ್ಲಿಲ್ಲ, ಅದನ್ನ ಒಪ್ಕೋಬೇಕು. ಹಳೇ ಲೈಬ್ರರಿ ಅಂದ್ರೆ ಡೈರಿ ಪಕ್ಕದ ಒಂದು ಕೋಣೆ, ಎರಡು ಬೆಂಚು, ಬೀಗ ಹಾಕಿದ ಬೀರು, ದಿನಕ್ಕೆ ನಾಲ್ಕು ಗಂಟೆ ಬಾಗಿಲು ತೆಗೆದಿರೋದು. ಮೇಲ್ವಿಚಾರಕರಿಗೆ ಸಿಗ್ತಿದ್ದಿದ್ದು ಸಂಬಳ ಅಲ್ಲ, ಗೌರವಧನ. ಬರೋರು ಯಾರು ಅಂದ್ರೆ ಪೇಪರ್ ನೋಡೋ ಗಂಡಸರು. ಅದ್ರಲ್ಲೂ ಮೊದಲು ತೆಗೆಯೋ ಪುಟ ಅಡಿಕೆ ಧಾರಣೆದು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು, ನೋಡಿ ಮಡಚಿಟ್ಟು ಎದ್ದು ಹೋಗೋದು. ಹೆಂಗಸರು ಮಕ್ಕಳು ಆ ಕಡೆ ತಲೆ ಹಾಕಿದ್ದು ನಾನು ನೋಡಿಲ್ಲ.

ಪಂಚಾಯ್ತಿ ಕೈಗೆ ಬಂದ ಮೇಲೆ ಬಿಲ್ಡಿಂಗು ಬಣ್ಣ ಕಂಡ್ತು, ಟಾಯ್ಲೆಟ್ ಆಯ್ತು, ಸಮಯ ಜಾಸ್ತಿ ಆಯ್ತು. 2020ರ ನವೆಂಬರಲ್ಲಿ, ಕೊರೋನಾದಿಂದ ಸ್ಕೂಲು ಮುಚ್ಚಿದ್ದಾಗ, ‘ಓದುವ ಬೆಳಕು’ ಅಂತ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ ಮಾಡಿದ್ರಲ್ಲ, ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಲೈಬ್ರರಿಗೆ ಆದ ದೊಡ್ಡ ಒಳ್ಳೇದು ಅದೇ. ಈಗ ಸಂಜೆ ಸ್ಕೂಲು ಬಿಟ್ಟ ಮೇಲೆ ಬಾಗಿಲ ಹೊರಗಡೆ ಹವಾಯಿ ಚಪ್ಪಲಿ ರಾಶಿ ಬಿದ್ದಿರುತ್ತೆ, ಒಳಗೆ ಚೆಸ್ ಆಡೋರು ಒಂದ್ ಕಡೆ, ಚಾಪೆ ಮೇಲೆ ಬೋರಲು ಮಲಗಿ ಚಿತ್ರದ ಪುಸ್ತಕ ನೋಡೋರು ಇನ್ನೊಂದ್ ಕಡೆ. ಪೇಪರ್ ಓದೋ ಯಜಮಾನ್ರು “ಗಲಾಟೆ ಮಾಡ್ಬೇಡ್ರೋ” ಅಂತಾರೆ, ಯಾರೂ ಕೇಳಲ್ಲ. ಪೊಲೀಸು, ಎಫ್‌ಡಿಎ ಎಕ್ಸಾಮ್ ಬರೆಯೋ ಹುಡುಗ್ರು ಹುಡುಗಿಯರು ಬೆಳಿಗ್ಗೆನೇ ಬಂದು ಕೂರ್ತಾರೆ, ಮನೇಲಿ ಕೂತ್ರೆ ಕೊಟ್ಟಿಗೆ ಕೆಲ್ಸ ಹೇಳ್ತಾರೆ ಅಂತ. ಇದಕ್ಕೇ ನಾಲ್ಕು ಸ್ಟಾರು. ಒಂದು ಕಡಿಮೆ ಯಾಕಂದ್ರೆ ಕೂರೋ ಜಾಗ ಸಾಲದು, ಗ್ರಾಮಸಭೆ ಇದ್ದಾಗೆಲ್ಲ ಅಲ್ಲಿರೋ ಕುರ್ಚಿ ಹೊತ್ಕೊಂಡು ಹೋಗಿ ವಾಪಸ್ ತರೋದು ಮರೀತಾರೆ.

ಈಗ ಪುಸ್ತಕದ ವಿಷಯ. ‘ಪುಸ್ತಕ ಜೋಳಿಗೆ’ ಅಂತ ಮನೆಮನೆಯಿಂದ ಪುಸ್ತಕ ದಾನ ತಗೊಂಡ್ರು, ಐಡಿಯಾ ಒಳ್ಳೇದೇ, ಆದ್ರೆ ಜನ ಕೊಡೋದೆಂತದು, ಮನೆಲಿ ಬೇಡವಾಗಿದ್ದು. ಸಿಲೆಬಸ್ ಬದಲಾದ ಪಿಯುಸಿ ಗೈಡು, ಹಳೇ ಡಿಕ್ಷನರಿ, ಮದುವೆ ಮನೇಲಿ ಹಂಚಿದ ಸ್ತೋತ್ರದ ಪುಸ್ತಕ, ಇಂಥದ್ದೇ ಒಂದು ಸಾಲು ತುಂಬಿದೆ. ಒಳ್ಳೆ ಕಾದಂಬರಿನೂ ಬಂದಿದೆ, ಇಲ್ಲ ಅನ್ನಲ್ಲ, ಆದ್ರೆ ಬಂದಿದ್ದು ಹೆಂಗೆ ಅಂತೀರಾ, ಎರಡು ಭಾಗದ ಕಾದಂಬರಿದು ಎರಡನೇ ಭಾಗ ಮಾತ್ರ ಇದೆ. “ಇದೆಂತ ಅಕ್ಕಾ, ಮೊದಲನೇದು ಎಲ್ಲಿ?” ಅಂದ್ರೆ ಅವ್ರು ನಕ್ಕು, “ಬಂದ ಹಾಗೇ ಇಟ್ಟಿದೀನಿ ಅಣ್ಣ, ಮೊದಲನೇದು ಶಿವಮೊಗ್ಗದಲ್ಲಿ ಇರ್ಬಹುದು, ಇಲ್ಲಿಗೆ ತರಿಸೋಕೆ ನಂಗೆ ದಾರಿ ಇಲ್ಲ” ಅಂದ್ರು.

ಆ ದಾರಿ ಇಲ್ಲದೇ ಇರೋದೇ ನನ್ನ ಪೂರ್ತಿ ದೂರು. ಇಲಾಖೆ ಬದಲಾಯ್ಸಿದಾಗ ಬಿಲ್ಡಿಂಗು, ಸಂಬಳ, ಬೀಗದಕೈ ಎಲ್ಲಾ ಈ ಕಡೆ ಬಂತು, ಪುಸ್ತಕದ ಬೇರು ಆ ಕಡೆನೇ ಉಳೀತು. ಲೆಕ್ಕ ಹಾಕಿ ನೋಡಿ. ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡುವಾಗ ಆಯ್ಕೆ ಆದ ಪುಸ್ತಕಕ್ಕೆ ಮಾಮೂಲಿ ತಗೊಳ್ಳೋದು 300 ಪ್ರತಿ. ರಾಜ್ಯದಲ್ಲಿ 31 ಜಿಲ್ಲೆ, ಸಮ ಹಂಚಿದ್ರೂ ಜಿಲ್ಲೆಗೆ ಹತ್ತು ಬೀಳಲ್ಲ. ಶಿವಮೊಗ್ಗ ಜಿಲ್ಲೆಗೆ ಏಳು ತಾಲೂಕು, ತಾಲೂಕಿಗೆ ಒಂದು ಬಂದ್ರೆ ಹೆಚ್ಚು. ಇನ್ನು ಪಂಚಾಯ್ತಿಗೆ ಎಲ್ಲಿಂದ ಬರುತ್ತೆ? ಎಷ್ಟೇ ದುಡ್ಡು ಸುರಿದ್ರೂ ಎಲ್ಲಾ ಹಳ್ಳಿಗೂ ಎಲ್ಲಾ ಪುಸ್ತಕ ಕೊಡೋಕೆ ಆಗಲ್ಲ, ಅದನ್ನ ಯಾರೂ ಕೇಳ್ತಾನೂ ಇಲ್ಲ. ಇರೋ ಒಂದು ಪ್ರತಿ ಓಡಾಡ್ಬೇಕು ಅಷ್ಟೇ. ಸಾಗರದಲ್ಲಿ ಇರೋದು ನಮ್ಮೂರಿಗೆ ಬರ್ಬೇಕು, ನಮ್ಮಲ್ಲಿ ಧೂಳು ತಿಂತಿರೋದು ಸೊರಬಕ್ಕೆ ಹೋಗ್ಬೇಕು.

ಇದು ಆಗದ ಕೆಲಸ ಅಂತ ಯಾರೂ ಹೇಳ್ಬೇಡಿ. ಬೆಳಿಗ್ಗೆ ಫಸ್ಟ್ ಬಸ್ಸಿಗೆ ಪೇಪರ್ ಬಂಡಲ್ ಬರುತ್ತೆ, ಅದೇ ಬಸ್ಸಲ್ಲಿ ಮೆಡಿಕಲ್ ಶಾಪಿನ ಬಾಕ್ಸು, ಪಂಪ್‌ಸೆಟ್ಟಿನ ಪಾರ್ಟು, ಯಾರದೋ ಮಗಳಿಗೆ ಹಾಸ್ಟೆಲ್ಲಿಗೆ ಕಳಿಸೋ ಕೋಡುಬಳೆ ಡಬ್ಬ, ಎಲ್ಲಾ ಕಂಡಕ್ಟರ್ ಕೈಲಿ ಹೋಗಿ ಬರುತ್ತೆ. ಮಲ್ನಾಡಲ್ಲಿ ಬಸ್ಸು ಅಂದ್ರೆ ಅರ್ಧ ಪೋಸ್ಟಾಫೀಸು. ವಾರಕ್ಕೆ ಒಂದ್ ದಿನ ಒಂದು ಚೀಲ ಪುಸ್ತಕ ಹಾಕಿ ಕಳಿಸೋಕೆ ಏನು ಕಷ್ಟ? ತಮಿಳುನಾಡಿನ ಮನ್ನಾರ್‌ಗುಡಿ ಕಡೆ 1931ರಲ್ಲೇ ಎತ್ತಿನ ಗಾಡಿಲಿ ಪುಸ್ತಕ ಹೇರ್ಕೊಂಡು ಹಳ್ಳಿ ಹಳ್ಳಿಗೆ ಹೋಗ್ತಿದ್ರು, ಅದನ್ನ ಉದ್ಘಾಟನೆ ಮಾಡಿದ್ದು ನಮ್ಮ ಲೈಬ್ರರಿಯವರೆಲ್ಲ ಫೋಟೋ ಹಾಕಿ ಪೂಜೆ ಮಾಡೋ ಎಸ್. ಆರ್. ರಂಗನಾಥನ್ ಅವ್ರೇ. ಪ್ರತಿ ಓದುಗನಿಗೂ ಅವನ ಪುಸ್ತಕ, ಓದುಗನ ಸಮಯ ಉಳಿಸಿ ಅಂತೆಲ್ಲ ಸೂತ್ರ ಬರೆದೋರು, ಕೊನೆಗಾಲ ಕಳೆದಿದ್ದೂ ಬೆಂಗಳೂರಲ್ಲೇ. ಫೋಟೋಗೆ ಹಾರ ಹಾಕೋ ಖರ್ಚಲ್ಲಿ ಬಸ್ ಲಗೇಜ್ ಚಾರ್ಜು ಆಗುತ್ತೆ.

ನನ್ನ ಪ್ರಕಾರ ಈ ರಾಜ್ಯ ಕೇಂದ್ರ ಗ್ರಂಥಾಲಯ ಅನ್ನೋದಕ್ಕೆ ಕೆಲಸ ಇರೋದು ಇಲ್ಲೇ. ಹಳ್ಳಿ ಲೈಬ್ರರಿ ವಾಪಸ್ ಕೊಡಿ ಅಂತ ಇಲಾಖೆ ಇಲಾಖೆ ಜಗ್ಗಾಡೋದು ಬೇಡ, ಕಟ್ಟಡ, ಸಮಯ, ಮೇಲ್ವಿಚಾರಕರು ಪಂಚಾಯ್ತಿ ಹತ್ರನೇ ಇರ್ಲಿ, ಅದನ್ನ ಚೆನ್ನಾಗೇ ಮಾಡ್ತಿದಾರೆ. ಆದ್ರೆ ಯಾವ ಪುಸ್ತಕ ಎಲ್ಲಿದೆ ಅಂತ ಪೂರ್ತಿ ಕರ್ನಾಟಕದ್ದು ಒಂದೇ ಪಟ್ಟಿ, ಕನ್ನಡದಲ್ಲಿ ಟೈಪ್ ಮಾಡಿದ್ರೆ ಸಿಗೋ ಹಂಗೆ, ಅದನ್ನ ಮೇಲಿನವರು ಮಾಡ್ಬೇಕು, ಪಂಚಾಯ್ತಿ ಮಟ್ಟದಲ್ಲಿ ಆಗೋದಲ್ಲ. ತಾಲೂಕಿಗೊಬ್ಬ ಲೈಬ್ರರಿ ಸೈನ್ಸ್ ಓದಿರೋರು ತಿಂಗಳಿಗೊಂದ್ಸಲ ಬಂದು ಹೋಗ್ಬೇಕು. ನಮ್ಮ ಅಕ್ಕ ರಿಜಿಸ್ಟರ್ ಎಷ್ಟು ನೀಟಾಗಿ ಇಟ್ಟಿದಾರೆ ಅಂದ್ರೆ ಕೆಂಪು ಪೆನ್ನಲ್ಲಿ ವಾಪಸ್ ತಾರೀಕು, ನೀಲಿಲಿ ಕೊಟ್ಟ ತಾರೀಕು, ಆದ್ರೆ ವಿಷಯವಾರು ಜೋಡ್ಸೋದು ಅವ್ರಿಗೆ ಯಾರೂ ಹೇಳ್ಕೊಟ್ಟಿಲ್ಲ, ಪುಸ್ತಕದ ಎತ್ತರ ನೋಡಿ ಜೋಡ್ಸಿದಾರೆ. ನೋಡೋಕೆ ಚಂದ ಇದೆ, ಹುಡ್ಕೋಕೆ ಆಗಲ್ಲ. ಹೆಂಗೂ ಅಡ್ಜಸ್ಟ್ ಆಗಿದೆ, “ಆ ಹಸಿರು ರಟ್ಟಿಂದು” ಅಂದ್ರೆ ಸಾಕು ತೆಗೆದು ಕೊಡ್ತಾರೆ.

ಇನ್ನು ಮಳೆಗಾಲ. ಬೆಂಗಳೂರಲ್ಲಿ ಕೂತು ಸ್ಕೀಮ್ ಮಾಡೋರಿಗೆ ಇದು ತಲೆಗೇ ಹೋಗಲ್ಲ. ಜೂನ್ ಕಳೀತು ಅಂದ್ರೆ ರಟ್ಟಿನ ಮೇಲೆ ಬಿಳೀ ಬೂಷ್ಟು, ಹಾಳೆ ಹಾಳೆ ಅಂಟ್ಕೊಳ್ಳುತ್ತೆ, ಗೋಡೆಗೆ ತಾಗಿದ ಸಾಲಿಗೆ ಒರಲೆ. ಅಕ್ಕ ಪ್ರತಿ ವರ್ಷ ಬೀರು ಗೋಡೆಯಿಂದ ಒಂದು ಗೇಣು ಮುಂದೆ ಎಳೆಸಿ, ಒಳಗೆ ನುಸಿಗುಳಿಗೆ ಹಾಕಿ, ಬಿಸಿಲು ಬಿದ್ದ ದಿನ ಪುಸ್ತಕ ಬಿಡಿಸಿ ಜಗುಲಿ ಮೇಲೆ ನಿಲ್ಲಿಸ್ತಾರೆ, ಮಕ್ಕಳು ಪುಟ ಬೀಸಿ ಗಾಳಿ ಆಡ್ಸೋದು. ಇದಕ್ಕೆ ಅಂತ ದುಡ್ಡಿನ ಬಾಬ್ತು ಏನೂ ಇಲ್ಲ, ಗುಳಿಗೆ ಅವ್ರದ್ದೇ ಖರ್ಚು. ಬಯಲುಸೀಮೆಗೂ ಆಗುಂಬೆ ಕಡೆಗೂ ಒಂದೇ ಸುತ್ತೋಲೆ ಕಳ್ಸಿದ್ರೆ ಹಿಂಗೇ ಆಗೋದು.

ಡಿಜಿಟಲ್ ಬಗ್ಗೆ ಜಾಸ್ತಿ ಹೇಳಲ್ಲ. 2020ರಿಂದ ರಾಜ್ಯದ್ದೇ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಫ್ರೀ, ಎಕ್ಸಾಮ್ ಹುಡುಗ್ರಿಗೆ ಉಪಯೋಗ ಆಗಿದೆ. ಲೈಬ್ರರಿಲಿ ಕಂಪ್ಯೂಟರ್, ಟಿವಿ ಕೂಡ ಬಂದಿದೆ. ಆದ್ರೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ರೆ ಕರೆಂಟು ಯಾವಾಗ ಬರುತ್ತೋ ದೇವ್ರೇ ಬಲ್ಲ, ಕರೆಂಟ್ ಹೋದ್ರೆ ಟವರ್ರೂ ಹೋಯ್ತು. ಪುಸ್ತಕಕ್ಕೆ ಬದಲು ಆ್ಯಪ್ ಅನ್ನೋರು ಆಷಾಢದಲ್ಲಿ ಒಂದ್ ವಾರ ನಮ್ಮನೇಲಿ ಬಂದು ಇರ್ಲಿ, ಊಟ ತಿಂಡಿ ನಂದು.

ದುಡ್ಡಿಲ್ಲ ಅಂತ ಹೇಳ್ತಾರಲ್ಲ, ಆ ಮಾತಿಗೆ ಬರ್ತೀನಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ಭಿಕ್ಷುಕರ ಕರದ ಆಸುಪಾಸಲ್ಲೇ. ತೆರಿಗೆ ಮೇಲೆ ನೂರಕ್ಕೆ 6, ಅಂದ್ರೆ ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ ನೀವು ಲೈಬ್ರರಿಗೆ ಅಂತಲೇ ಕಟ್ಟಿರ್ತೀರಿ, ಲೈಬ್ರರಿ ಮೆಟ್ಲು ಹತ್ತದೇ ಇದ್ರೂ ಕಟ್ಟಿರ್ತೀರಿ. ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳು ಇದನ್ನ ವಸೂಲಿ ಮಾಡಿ ಲೈಬ್ರರಿಗೆ ಕೊಡದೇ ಬಾಕಿ ಉಳಿಸ್ಕೊಳ್ಳೋದು ಹಳೇ ಕಥೆ, ಪೇಪರಲ್ಲಿ ಬರ್ತಾನೇ ಇರುತ್ತೆ. ನಮ್ಮ ಪಂಚಾಯ್ತಿದು ಎಷ್ಟು ವಸೂಲಾಗಿದೆ, ಅದ್ರಲ್ಲಿ ಪುಸ್ತಕಕ್ಕೆ ಎಷ್ಟು ಹೋಗಿದೆ ಅಂತ ಗ್ರಾಮಸಭೇಲಿ ರಸೀದಿ ಹಿಡ್ಕೊಂಡೇ ಕೇಳಿದೀನಿ. “ಒಳ್ಳೆ ಪ್ರಶ್ನೆ, ಮುಂದಿನ ಸಭೆಗೆ ಲೆಕ್ಕ ತರ್ತೀವಿ” ಅಂದ್ರು, ನಡಾವಳಿ ಪುಸ್ತಕದಲ್ಲೂ ಬರೆಸಿದೀನಿ. ಇನ್ನೂ ಲೆಕ್ಕ ಬಂದಿಲ್ಲ.

ನಿಮ್ಮೂರಲ್ಲೂ ಅರಿವು ಕೇಂದ್ರ ಇರುತ್ತೆ, ಮಕ್ಕಳು ಇದ್ರೆ ಕಣ್ಣು ಮುಚ್ಕೊಂಡು ಸದಸ್ಯತ್ವ ಮಾಡ್ಸಿ, ಎಕ್ಸಾಮ್ ಓದೋರೂ ಹೋಗಿ. ಕಾದಂಬರಿ ಹುಚ್ಚು ಇರೋರು ಅದನ್ನೇ ನಂಬ್ಕೋಬೇಡಿ, ಶಿವಮೊಗ್ಗಕ್ಕೆ ಹೋದಾಗ ಸಿಟಿ ಲೈಬ್ರರಿಲೂ ಒಂದು ಕಾರ್ಡ್ ಮಾಡ್ಸಿ ಇಟ್ಕೊಳಿ. ಅಕ್ಕಪಕ್ಕದ ಎರಡು ಪಂಚಾಯ್ತಿಯವರು ತಮ್ಮತಮ್ಮಲ್ಲೇ ಪುಸ್ತಕ ಅದಲು ಬದಲು ಮಾಡ್ಕೊಳ್ತಿರೋದು ಎಲ್ಲಾದ್ರೂ ಇದ್ರೆ, ರಿಜಿಸ್ಟರಲ್ಲಿ ಅದನ್ನ ಹೆಂಗೆ ಬರೀತಾರೆ ಅಂತ ಒಂದ್ಸಲ ತಿಳ್ಸಿ, ನಮ್ಮ ಅಕ್ಕ ಆಡಿಟ್‌ಗೆ ಹೆದರ್ಕೊಂಡು ಕೂತಿದಾರೆ.