ಎಎಂಟಿನಾ, ಟಾರ್ಕ್ ಕನ್ವರ್ಟರಾ? ಬಳ್ಳಾರಿ ರಸ್ತೆಗೆ ಯಾವುದು?

ಆಟೋಮ್ಯಾಟಿಕ್ ಕಾರು ಕೊಳ್ಳುವವರು ಮೊದಲು ಕೇಳುವುದು ಮೈಲೇಜ್. ನಾನು ಕೇಳುವುದು ಬೇರೆ: ದಿನಾ ಓಡಿಸೋದು ಎಲ್ಲಿ?

ಎಎಂಟಿ, ಟಾರ್ಕ್ ಕನ್ವರ್ಟರ್ ಎರಡೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಬಗೆಗಳು. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ನಮ್ಮ ಬದಲು ಯಂತ್ರ ಮಾಡುತ್ತದೆ, ಅಷ್ಟೇ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂತು. ಬೆಲೆ ಕಡಿಮೆ, ಮೈಲೇಜ್ ಚೆನ್ನಾಗಿದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ತೂಗುತ್ತದೆ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆ ಇರುತ್ತದೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ತಿರುಗುತ್ತದಲ್ವಾ, ಹಾಗೆ. ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಎಳೆತವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಸಂಡೂರಿನ ಏರಿನಲ್ಲಿ ಅದಿರು ಲಾರಿಯ ಹಿಂದೆ ಇಂಚಿಂಚೇ ಜರುಗುವಾಗ ಇದರ ಬೆಲೆ ಗೊತ್ತಾಗುತ್ತದೆ. ಅದೇ ಏರಿನಲ್ಲಿ ಎಎಂಟಿ ಕಾರನ್ನು ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ನಿಲ್ಲಿಸಿ ನೋಡಿ, ಕ್ಲಚ್ ಸುಟ್ಟ ವಾಸನೆ ಬರುತ್ತದೆ.

ಕನ್ವರ್ಟರ್‌ಗೂ ಒಂದು ಶತ್ರು ಇದೆ: ಬಿಸಿ. ಆ ಎರಡು ಫ್ಯಾನ್‌ಗಳ ವೇಗದಲ್ಲಿ ವ್ಯತ್ಯಾಸ ಇದ್ದಷ್ಟೂ ನಡುವಿನ ಎಣ್ಣೆ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಗೇರ್‌ಬಾಕ್ಸ್ ಎಣ್ಣೆಯನ್ನು ಹೇಳಿದ ಹೊತ್ತಿಗೆ ಬದಲಿಸಲೇಬೇಕು. ಕೆಲವು ಹುಡುಗರು ರೇಸ್ ಹುಚ್ಚಿಗೆ ಹೈ ಸ್ಟಾಲ್ ಕನ್ವರ್ಟರ್ ಹಾಕಿಸುವ ಮಾತಾಡುತ್ತಾರೆ. ಅದು ಎಂಜಿನ್ ಜೋರಾಗಿ ತಿರುಗಿ ಹೆಚ್ಚು ಆರ್‌ಪಿಎಂಗೆ ಹೋದಮೇಲೇ ಬಿಗಿಯಾಗಿ ಎಳೆಯುವುದು. ಊರೊಳಗೆ ಸುಮ್ನೆ ಬಿಸಿ, ಸುಮ್ನೆ ಪೆಟ್ರೋಲ್.

ಊರೊಳಗಿನ ರಾಯಲ್ ಸರ್ಕಲ್ ಸುತ್ತಮುತ್ತಲೇ ಓಡಾಟ ಅಂದರೆ ಎಎಂಟಿ ಸಾಕು. ವಾರಕ್ಕೆರಡು ಸಲ ಸಂಡೂರು ಅಂದರೆ ಜಾಸ್ತಿ ದುಡ್ಡು ಕೊಟ್ಟು ಕನ್ವರ್ಟರ್ ಕಾರನ್ನೇ ತಗೊಳ್ಳಿ.